ನೀರಿನ ಪೈಪ್‌ಲೈನ್ ದಾಖಲೆಗೆ ಕ್ಯೂಜಿಐಎಸ್: ಪುಣೆಯ ಕಚೇರಿಗಳಿಗೆ ಒಗ್ಗುತ್ತದೆಯೇ?

ಪುಣೆಯಲ್ಲಿ ನೀರು ಸರಬರಾಜಿನ ನಕ್ಷೆ ಮಾಡುವ ಕನ್ನಡಿಗ ಎಂಜಿನಿಯರುಗಳು, ಡ್ರಾಫ್ಟ್ಸ್‌ಮನ್‌ಗಳು ಕೇಳುವ ಪ್ರಶ್ನೆ: ದುಡ್ಡಿಲ್ಲದೆ ಸಿಗುವ ನಕ್ಷೆ ತಂತ್ರಾಂಶ ಕ್ಯೂಜಿಐಎಸ್ ಸಾಕೇ? ಧಾರಾಳವಾಗಿ ಸಾಕು. ಆದರೆ ಪೈಪು ಯಾವುದರಿಂದ ಮಾಡಿದ್ದು ಎನ್ನುವ ಕಾಲಂ ಮೊದಲು ಸರಿಯಾಗಬೇಕು.

ಪುಣೆ ಪಾಲಿಕೆಗೆ 2017ರಲ್ಲಿ 11, 2021ರಲ್ಲಿ 23 ಹಳ್ಳಿಗಳು ಸೇರಿದವು. ಇಂಥ ಕಡೆ ಹಳೆಯ ಪಟ್ಟಿಗಳನ್ನು ಕೂಡಿಸಿದರೆ ಒಂದೇ ಎರಕದ ಕಬ್ಬಿಣದ ಪೈಪು ‘ಸಿಐ’, ‘ಸಿ.ಐ.’, ‘ಕಾಸ್ಟ್ ಐರನ್’, ಮರಾಠಿಯ ‘ಬೀಡ್’ ಎಂದೆಲ್ಲ ಬರಬಹುದು. ಅದಾದರೂ ಕಣ್ಣಿಗೆ ಬೀಳುತ್ತದೆ. ಒಂದು ಫೈಲಿನಲ್ಲಿ 3 ಎಂಬ ಕೋಡ್ ಡಿಐ (ಡಕ್ಟೈಲ್ ಐರನ್), ಇನ್ನೊಂದರಲ್ಲಿ ಅದೇ 3 ಎಸಿ (ಆಸ್ಬೆಸ್ಟಾಸ್ ಸಿಮೆಂಟ್) ಆಗಿದ್ದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಇದಕ್ಕೆ ಕ್ಯೂಜಿಐಎಸ್‌ನ ‘ವ್ಯಾಲ್ಯೂ ರಿಲೇಷನ್’ (ಟೇಬಲಿನ ಪಟ್ಟಿಯಿಂದಲೇ ಆರಿಸುವ ಸೌಲಭ್ಯ) ಒಳ್ಳೆಯ ಮದ್ದು. ಜಿಯೋಪ್ಯಾಕೇಜ್‌ನಲ್ಲಿ (ನಕ್ಷೆ, ಟೇಬಲ್ ಎಲ್ಲ ಒಟ್ಟಿಗೆ ಇಡುವ ಫೈಲ್) ನಕ್ಷೆಯಿಲ್ಲದ ಒಂದು ಟೇಬಲ್ ಮಾಡಿ: ಕೋಡ್, ಹೆಸರು, ಐಎಸ್ (ಭಾರತೀಯ ಮಾನಕ) ಸಂಖ್ಯೆ. ಸಿಐ 10 (ಐಎಸ್ 1536), ಡಿಐ 20 (ಐಎಸ್ 8329), ಎಂಎಸ್ ಅಂದರೆ ಮೈಲ್ಡ್ ಸ್ಟೀಲ್ 30 (ಐಎಸ್ 3589), ಜಿಐ ಅಂದರೆ ಸತು ಲೇಪದ ಕಬ್ಬಿಣ 40 (ಐಎಸ್ 1239), ಪಿವಿಸಿ 50 (ಐಎಸ್ 4985), ಎಚ್‌ಡಿಪಿಇ 60 (ಐಎಸ್ 4984), ಎಸಿ 70 (ಐಎಸ್ 1592), ಗೊತ್ತಿಲ್ಲದ್ದಕ್ಕೆ 99. ಹತ್ತರ ಅಂತರ ಬೇಕೇ ಬೇಕು. ನಾಳೆ ಎಚ್‌ಡಿಪಿಇಯಂಥದೇ ಪ್ಲಾಸ್ಟಿಕ್ ಎಂಡಿಪಿಇ ಬಂದರೆ 61 ಖಾಲಿ ಇರುತ್ತದೆ. ಡಿಐ ಪೈಪಿನ ಗೋಡೆ ದಪ್ಪ ಹೇಳುವ ಕೆ7, ಕೆ9 ದರ್ಜೆಯನ್ನೂ ಒಳಲೇಪವನ್ನೂ ಈ ಕೋಡಿಗೆ ತುರುಕಬೇಡಿ, ಅವಕ್ಕೆ ಬೇರೆ ಕಾಲಂ ಇರಲಿ. ಆಮೇಲೆ ಪೈಪ್ ಲೇಯರಿನ ‘ಆಟ್ರಿಬ್ಯೂಟ್ಸ್ ಫಾರ್ಮ್’ನಲ್ಲಿ ಈ ಟೇಬಲ್ ಆರಿಸಿ, ಕೀ ಜಾಗಕ್ಕೆ ಕೋಡ್, ವ್ಯಾಲ್ಯೂ ಜಾಗಕ್ಕೆ ಹೆಸರು ಕೊಡಿ. ಎರಡೂ ಕಡೆ ಕೋಡ್ ಪೂರ್ಣಾಂಕವೇ ಆಗಿರಲಿ. ಕೆಲಸದವರಿಗೆ ಕಾಣುವುದು ಹೆಸರು, ಒಳಗೆ ಕೂರುವುದು ಅಂಕಿ. ಬಳಕೆ ನಿಂತ ಕೋಡಿನ ಸಾಲನ್ನು ಅಳಿಸಲೇಬಾರದು. ಅಳಿಸಿದರೆ ಹಳೆಯ ಪೈಪಿಗೆ ಬರೀ ಅಂಕಿ ಉಳಿಯುತ್ತದೆ, ಅದೇ ಅಂಕಿ ಇನ್ನೊಂದಕ್ಕೆ ಕೊಟ್ಟರಂತೂ ಕಥೆ ಮುಗಿಯಿತು.

ಇಷ್ಟು ಹಟ ಏಕೆಂದರೆ, ನೀರಿನ ಹರಿವು, ಒತ್ತಡ ಲೆಕ್ಕ ಹಾಕುವ ತಂತ್ರಾಂಶ ಎಪಾನೆಟ್‌ನಲ್ಲಿ ಪೈಪಿನ ವಸ್ತುವಿಗೆಂದೇ ಕಾಲಂ ಇಲ್ಲ. ಹೇಜನ್–ವಿಲಿಯಮ್ಸ್ ಎಂಬ ಒತ್ತಡ ನಷ್ಟದ ಲೆಕ್ಕದಲ್ಲಿ ಅದು ನೋಡುವುದು ಸಿ ಮೌಲ್ಯವನ್ನು, ಅಂದರೆ ಪೈಪಿನ ಒಳಮೈ ಎಷ್ಟು ನುಣುಪು ಎನ್ನುವ ಅಂಕಿಯನ್ನು. ಆ ಮೌಲ್ಯ ನಮ್ಮ ಕೋಡಿನಿಂದಲೇ ಹೋಗುತ್ತದೆ. ಸಿಮೆಂಟ್ ಒಳಲೇಪದ ಡಿಐಗೆ 140 ಕೊಡುವ ಕಡೆ ಹಳೆಯ ಸಿಐಯ 100 ಹೋದರೆ, ಅದೇ ಹರಿವಿಗೆ ಒತ್ತಡ ನಷ್ಟ ಸುಮಾರು 1.87 ಪಟ್ಟು ತೋರಿಸುತ್ತದೆ. ವ್ಯಾಸವೂ ಕೆಡುತ್ತದೆ: ಎಚ್‌ಡಿಪಿಇಯ 110 ಎಂಎಂ ಹೊರವ್ಯಾಸ, ಪಿಇ100 ದರ್ಜೆಯ ಪ್ಲಾಸ್ಟಿಕ್, ಪಿಎನ್10 ಒತ್ತಡ ದರ್ಜೆ ಆದರೆ ಒಳಗೆ ಉಳಿಯುವುದು ಸುಮಾರು 97 ಎಂಎಂ.

ಕೊರತೆಗಳೂ ಇವೆ. ಈ ಫಾರ್ಮ್ ಸೆಟ್ಟಿಂಗ್ ಇರುವುದು ಪ್ರಾಜೆಕ್ಟ್ ಫೈಲಿನಲ್ಲಿ, ಡೇಟಾದಲ್ಲಲ್ಲ. ಫೀಲ್ಡ್ ಕ್ಯಾಲ್ಕ್ಯುಲೇಟರಿನಿಂದಲೋ ಪೇಸ್ಟ್ ಮಾಡಿಯೋ ಪಟ್ಟಿಯಲ್ಲಿಲ್ಲದ 35 ಕೂಡ ಒಳಗೆ ಬರುತ್ತದೆ. ಹಾಗಾಗಿ ಒಪ್ಪಿಸುವ ಮುಂಚೆ ಕೋಡಿನ ಮೂಲಕ ಪೈಪ್ ಲೇಯರನ್ನು ಟೇಬಲ್ ಜೊತೆ ಜೋಡಿಸಿ (ಜಾಯಿನ್), ಹೆಸರು ಖಾಲಿ ಬಿದ್ದ ಪೈಪುಗಳನ್ನು ಹುಡುಕಿ. ‘ಎಫ್‌ಐಡಿ’ಯನ್ನು (ಪ್ರತಿ ಸಾಲಿಗೆ ತಾನಾಗಿ ಬರುವ ಅಂಕಿ) ಪೈಪ್ ಸಂಖ್ಯೆಯೆಂದು ನಂಬಬೇಡಿ, ಲೇಯರುಗಳನ್ನು ಕೂಡಿಸುವಾಗ ಅದು ಬದಲಾಗುತ್ತದೆ. ಶೇಪ್‌ಫೈಲ್ ಎಂಬ ಹಳೆಯ ರೂಪದಲ್ಲಿ ಡೇಟಾ ಕೇಳಿದರೆ ಕಾಲಂ ಹೆಸರು 10 ಅಕ್ಷರ ದಾಟದಿರಲಿ. ಅದರಲ್ಲಿ ಖಾಲಿ ಜಾಗ 0 ಆಗಬಹುದಾದ್ದರಿಂದ 0 ಅನ್ನು ಯಾವ ಪೈಪಿಗೂ ಕೊಡಬೇಡಿ.

ಒಬ್ಬಿಬ್ಬರು ತಿದ್ದುವ ಕಚೇರಿಗೆ ಕ್ಯೂಜಿಐಎಸ್, ಜಿಯೋಪ್ಯಾಕೇಜ್ ಜೋಡಿ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ನಾಲ್ಕೈದು ಜನ ಒಟ್ಟಿಗೆ ತಿದ್ದುವಲ್ಲಿ ಫೈಲ್ ಲಾಕ್ ಆಗಿ ಕೆಲಸ ನಿಲ್ಲುತ್ತದೆ. ಅಲ್ಲಿ ಪೋಸ್ಟ್‌ಜಿಐಎಸ್ (ಹಲವರು ಒಟ್ಟಿಗೆ ಬಳಸಬಲ್ಲ ಡೇಟಾಬೇಸ್) ಹಾಕಿ, ಕೋಡಿಗೆ ಫಾರಿನ್ ಕೀ, ಅಂದರೆ ಪಟ್ಟಿಯಲ್ಲಿರುವ ಕೋಡನ್ನು ಮಾತ್ರ ಒಪ್ಪುವ ನಿಯಮ, ಕಟ್ಟಿ. ಆಗ 35 ಒಳಗೆ ಬರುವುದೇ ಇಲ್ಲ.