ಮಿನಿ ಟ್ರ್ಯಾಕ್ಟರ್ ಕೊಳ್ಳುವ ಮೊದಲು ನಿಮ್ಮ ತೋಟ ಅಳೆಯಿರಿ

ತೋಟ ಉಳುವುದಕ್ಕೆ ಒಂದು ಸಣ್ಣ ಟ್ರ್ಯಾಕ್ಟರ್ ಬೇಕು ಅಂತ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಅವಸರಪಟ್ಟಿದ್ದಕ್ಕೆ ಹನ್ನೆರಡು ವರ್ಷ ಸಾಕಿದ ನಿಂಬೆ ಗಿಡಗಳು ಪೆಟ್ಟು ತಿಂದಿವೆ. ದುಡ್ಡು ಹೋಗಿದ್ದಕ್ಕಿಂತ ಅದೇ ಜಾಸ್ತಿ ನೋವು.

ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್ ಗಾಡಿ. 20 ಎಚ್‌ಪಿ, ಜೊತೆಗೆ ಬ್ಲೇಡ್ ತಿರುಗಿಸಿ ಮಣ್ಣು ಪುಡಿ ಮಾಡುವ ಮೂರೂವರೆ ಅಡಿಯ ರೋಟವೇಟರ್. ಮಾರುವವರ ಹತ್ತಿರ ಮೊದಲು ಕೇಳಿದ್ದು "ಎಷ್ಟು ಎಚ್‌ಪಿ?" ಆಮೇಲೆ "ಎಷ್ಟು ಗಂಟೆ ಓಡಿದೆ?" ಎರಡಕ್ಕೂ ಒಳ್ಳೆಯ ಉತ್ತರವೇ ಬಂತು. ಅಷ್ಟಕ್ಕೇ ಒಪ್ಪಿಬಿಟ್ಟೆ.

ಮೊದಲ ಸಾಲಿನಲ್ಲೇ ಎಡವಟ್ಟು ಗೊತ್ತಾಯಿತು. ಎಲ್ಲಕ್ಕಿಂತ ಕೆಳಗಿನ ಗೇರ್ ಹಾಕಿದರೂ ಗಾಡಿ ನಿಧಾನವಾಗಲಿಲ್ಲ. ಹಿಂತಿರುಗಿ ನೋಡಿದರೆ ಮಣ್ಣು ಪುಡಿಯಾಗಿರಲಿಲ್ಲ, ಅಂಗೈ ಅಗಲದ ಹೆಂಟೆಗಳು ಬಿದ್ದಿದ್ದವು. ಕಾರಣ ಸರಳ. ಬ್ಲೇಡ್ ತಿರುಗುವ ವೇಗ ಅಷ್ಟೇ ಇದ್ದು ಗಾಡಿ ಜೋರಾಗಿ ಮುಂದೆ ಹೋದರೆ, ಒಂದೊಂದು ಬ್ಲೇಡೂ ದಪ್ಪ ದಪ್ಪ ತುಂಡು ಕಡಿಯುತ್ತದೆ. ಹಾಗಂತ ಆಕ್ಸಿಲರೇಟರ್ ಇಳಿಸಿದರೆ ಪ್ರಯೋಜನ ಇಲ್ಲ, ಪಿಟಿಒ (ಎಂಜಿನ್ ಶಕ್ತಿಯಿಂದ ರೋಟವೇಟರ್ ತಿರುಗಿಸುವ ಹಿಂದಿನ ಶಾಫ್ಟ್) ವೇಗವೂ ಜೊತೆಗೇ ಇಳಿಯುತ್ತದೆ. ಕ್ಲಚ್ ಅರ್ಧ ಒತ್ತಿ ಓಡಿಸೋಣ ಅಂದರೆ ಕ್ಲಚ್ ಸುಡುತ್ತದೆ. ಗಟ್ಟಿ ನೆಲವನ್ನು ಹುಡಿ ಮಾಡಬೇಕಾದರೆ ಗಂಟೆಗೆ 2 ಕಿ.ಮೀ. ಆಸುಪಾಸಿನಲ್ಲಿ ತೆವಳುವ ಗೇರ್ ಇರಲೇಬೇಕು.

ಇದನ್ನು ಪರೀಕ್ಷೆ ಮಾಡುವುದು ತುಂಬಾ ಸುಲಭ. ನೆಲದ ಮೇಲೆ 10 ಮೀಟರ್ ಅಳೆದು ಎರಡು ಗೆರೆ ಎಳೆಯಿರಿ. ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುವಷ್ಟು ಎಂಜಿನ್ ವೇಗ ಇಟ್ಟು, ಕೆಳಗಿನ ಗೇರ್‌ನಲ್ಲಿ ಗಾಡಿ ಓಡಿಸಲು ಹೇಳಿ. 18 ಸೆಕೆಂಡ್ ತೆಗೆದುಕೊಂಡರೆ ಗಂಟೆಗೆ 2 ಕಿ.ಮೀ. ಆಯಿತು. ನನ್ನ ಗಾಡಿ 8 ಸೆಕೆಂಡಿಗೆ ದಾಟುತ್ತದೆ. ಇದನ್ನು ನಾನು ಅಳೆದಿದ್ದು ಕೊಂಡ ಮೇಲೆ.

ಇನ್ನು ಅಗಲದ ವಿಷಯ. ಹಿಂದಿನ ಟೈರುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಸರಿಯಾಗಿ ನಾಲ್ಕು ಅಡಿ. ರೋಟವೇಟರ್ ಅದಕ್ಕಿಂತ ಅರ್ಧ ಅಡಿ ಕಡಿಮೆ. ಅಂದರೆ ಎರಡೂ ಕಡೆ ಮೂರು ಮೂರು ಇಂಚು ಟೈರ್ ತುಳಿದ ನೆಲ ಹಾಗೇ ಉಳಿಯುತ್ತದೆ. ಉತ್ತ ಜಾಗದ ಪಕ್ಕದಲ್ಲೇ ಹಲಗೆಯ ಹಾಗೆ ಗಟ್ಟಿಯಾದ ಪಟ್ಟಿ! ರೋಟವೇಟರ್ ಟೈರಿನ ಗುರುತು ಮುಚ್ಚುವಷ್ಟು ಅಗಲ ಇರಬೇಕು, ಇಲ್ಲವೇ ಒಂದು ಪಕ್ಕಕ್ಕೆ ಸರಿಸಿ ಕಟ್ಟುವ ಹಾಗಿರಬೇಕು. ಸುಮ್ನೆ ದೊಡ್ಡದು ತಂದು ಹಾಕಿದರೂ ಆಗುವುದಿಲ್ಲ, ಅದನ್ನು ತಿರುಗಿಸುವ ತಾಕತ್ತು ಬೇಕಲ್ವಾ? ಎಂಜಿನ್ ಎಚ್‌ಪಿಗಿಂತ ಪಿಟಿಒ ಎಚ್‌ಪಿ ಯಾವಾಗಲೂ ಕಡಿಮೆ. ನೀವು ಕೇಳಬೇಕಾದ ಲೆಕ್ಕ ಅದು.

ಗಿಡಗಳಿಗೆ ಪೆಟ್ಟು ಬಿದ್ದದ್ದು ತಿರುವಿನಲ್ಲಿ. ನನ್ನ ಸಾಲುಗಳ ತುದಿಯಲ್ಲಿ ಬೇಲಿಯವರೆಗೆ ಹೆಚ್ಚು ಜಾಗ ಇಲ್ಲ. ಟ್ರ್ಯಾಕ್ಟರ್ ಚಿಕ್ಕದು, ತಿರುಗುತ್ತದೆ ಅಂದುಕೊಂಡಿದ್ದೆ. ಹಿಂದೆ ರೋಟವೇಟರ್ ಎತ್ತಿಕೊಂಡಾಗ ಅದರ ಉದ್ದವೂ ಸೇರುತ್ತದೆ, ತಿರುಗುವಾಗ ಹಿಂಭಾಗ ಪಕ್ಕಕ್ಕೆ ಬೀಸುತ್ತದೆ ಅನ್ನುವುದು ಹೊಳೆಯಲಿಲ್ಲ. ಎರಡು ಗಿಡಗಳ ತೊಗಟೆ ಉದ್ದಕ್ಕೆ ಸುಲಿದು ಹೋಯಿತು. ಮತ್ತೆ ಹಾಗಾಗದಿರಲಿ ಅಂತ ತಿರುವಿಗೆ ಮೊದಲೇ ಒಳಗೆ ಸರಿದು ಉತ್ತೆ. ಅದು ಇನ್ನೂ ದೊಡ್ಡ ತಪ್ಪು. ನಿಂಬೆಯ ಆಹಾರ ಹೀರುವ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಬುಡದ ಹತ್ತಿರ ಬಂದ ಬ್ಲೇಡ್ ಅವನ್ನೆಲ್ಲ ಕತ್ತರಿಸಿ ಹಾಕಿತು. ಬ್ಲೇಡಿಗೆ ಸುತ್ತಿಕೊಂಡ ಬಿಳಿ ಬೇರುಗಳನ್ನು ಕೈಯಿಂದ ಬಿಡಿಸುವಾಗ ಹೊಟ್ಟೆ ಉರಿಯಿತು. ಕೆಲವೇ ವಾರಗಳಲ್ಲಿ ಆ ಸಾಲಿನ ಎಲೆ ಹಳದಿಯಾಯಿತು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇನ್ನೊಂದು ಮಾತು. ನಾನು ನೋಡಲು ಹೋದಾಗ ಎಂಜಿನ್ ಆಗಲೇ ಬಿಸಿಯಾಗಿತ್ತು. "ಈಗಷ್ಟೇ ಆ ಕಡೆಯಿಂದ ಈ ಕಡೆಗೆ ತಂದು ನಿಲ್ಲಿಸಿದೆ" ಅಂದರು. ನಂಬಿದೆ. ತಣ್ಣಗಿದ್ದಾಗ ಅದು ಸ್ಟಾರ್ಟ್ ಆಗಲು ಎಷ್ಟು ಒದ್ದಾಡುತ್ತದೆ, ಎಷ್ಟು ಹೊತ್ತು ನೀಲಿ ಹೊಗೆ ಕಾರುತ್ತದೆ ಅನ್ನುವುದು ಮನೆಗೆ ಬಂದ ಮೇಲೆ ತಿಳಿಯಿತು. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಅಂತ. ಕೊಳ್ಳುವ ಮೊದಲು ಗಾಡಿಯ ಕೆಳಗೂ ಬಗ್ಗಿ ನೋಡಿದ್ದೆ. ಎಲ್ಲಾ ಕಡೆ ಧೂಳು ಮೆತ್ತಿತ್ತು, ಕ್ಲಚ್ ಹೌಸಿಂಗ್ (ಕ್ಲಚ್ ಇರುವ ಕಬ್ಬಿಣದ ಕವಚ) ತಳದ ಪುಟ್ಟ ತೂತಿನ ಸುತ್ತ ಮಾತ್ರ ಒರೆಸಿದ ಹಾಗೆ ಚೊಕ್ಕಟ. ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅಂತ ಖುಷಿಯಾಗಿತ್ತು ನನಗೆ. ಒಂದು ವಾರದಲ್ಲಿ ಅಲ್ಲಿಂದ ಆಯಿಲ್ ತೊಟ್ಟಿಕ್ಕಲು ಶುರುವಾಯಿತು, ಆಯಿಲ್ ಸೋರದಂತೆ ತಡೆಯುವ ಒಳಗಿನ ಸೀಲ್ ಹೋಗಿತ್ತು. ಒಂದು ಸೀಲ್ ಹಾಕಲು ಟ್ರ್ಯಾಕ್ಟರನ್ನೇ ಮಧ್ಯಕ್ಕೆ ಬಿಡಿಸಬೇಕು. ಹಳೇ ಮಾಡೆಲ್ ಆದ್ದರಿಂದ ಆ ಸೀಲ್ ಸಿಗಲು ಮೂರು ವಾರ ಕಾದೆವು, ಅಷ್ಟರಲ್ಲಿ ಮಣ್ಣಿನ ಹದ ಕಳೆದುಹೋಯಿತು.

ಪಿಟಿಒ ಶಾಫ್ಟ್ ಮೇಲೆ ಪ್ಲಾಸ್ಟಿಕ್ ಕವರ್ ಇರಲಿಲ್ಲ. ಇದನ್ನು ಮಾತ್ರ ಅದೇ ದಿನ ತಂದು ಹಾಕಿದೆ. ನಿಮಿಷಕ್ಕೆ 540 ಸುತ್ತು ಅಂದರೆ ಸೆಕೆಂಡಿಗೆ 9. ಅಂಗಿಯ ತೋಳು ಸಿಕ್ಕಿಕೊಂಡರೆ ಕೈ ಎಳೆದುಕೊಳ್ಳುವಷ್ಟೂ ಸಮಯ ಸಿಗುವುದಿಲ್ಲ. ಕವರ್ ಇಲ್ಲದ ಗಾಡಿಯನ್ನು ಒಂದು ಸುತ್ತೂ ಓಡಿಸಬೇಡಿ.

ಆದ್ದರಿಂದ ಟೇಪ್ ಹಿಡಿದು ಮೊದಲು ತೋಟಕ್ಕೆ ಹೋಗಿ. ಸಾಲಿನ ನಡುವಿನ ಅಗಲ, ಗೇಟಿನ ಅಗಲ, ತುದಿಯಲ್ಲಿರುವ ಜಾಗ, ಬಾಗಿದ ಕೊಂಬೆ ನೆಲದಿಂದ ಎಷ್ಟು ಎತ್ತರದಲ್ಲಿದೆ, ಎಲ್ಲವನ್ನೂ ಬರೆದುಕೊಳ್ಳಿ. ಆಮೇಲೆ ಗಾಡಿ ನೋಡಿ. ಸಾಧ್ಯವಾದರೆ ನಿಮ್ಮ ತೋಟದಲ್ಲೇ ಎರಡು ಸಾಲು ಉತ್ತು ತೋರಿಸಲು ಕೇಳಿ. ಆಗಲ್ಲ ಅಂದರೆ ವಾಪಸ್ ಬನ್ನಿ.

ನನ್ನ ಗಾಡಿಯನ್ನು ಮಾರಬೇಕು ಅಂತಿದ್ದೇನೆ. ನಿಂಬೆ ತೋಟಕ್ಕೆ ಅದು ಬೇಡ, ಬಯಲು ಜಾಗ ಇರುವವರಿಗೆ ಟ್ರೈಲರ್ ಎಳೆಯಲು ಆದೀತು. ನೋಡಲು ಬರುವವರಿಗೆ ಬೆಳಿಗ್ಗೆಯೇ ಬನ್ನಿ, ನೀವು ಬರುವವರೆಗೆ ಸ್ಟಾರ್ಟ್ ಮಾಡುವುದಿಲ್ಲ ಅಂತ ಹೇಳಿದ್ದೇನೆ. ಕ್ಲಚ್ ಹೌಸಿಂಗ್ ತಳವನ್ನೂ ಒರೆಸದೆ ಹಾಗೇ ಬಿಟ್ಟಿದ್ದೇನೆ.