ನಾಲ್ಕು ಗೋಪುರ ಎರಡಾದ ಅಂಗಡಿ

ಮೈಸೂರಿನ ಅಶೋಕ ರಸ್ತೆಯ ಓಣಿಯೊಂದರಲ್ಲಿ, ಗಡಿಯಾರದ ಅಂಗಡಿಯ ಮೇಲಿನ ಮಹಡಿಯಲ್ಲಿ, ಕ್ಯಾಮೆರಾ ಮತ್ತು ಬೈನಾಕ್ಯುಲರ್ ದುರಸ್ತಿ ಮಾಡುವ ಪುಟ್ಟ ಕೋಣೆ ಇದೆ. ಫಲಕ ಮಾಸಿಹೋಗಿದೆ. ಮೆಟ್ಟಿಲು ಕಡಿದು, ಮಂಡಿ ನೋವಿನವರು ಜೋಪಾನ.

ನನ್ನ ಬೈನಾಕ್ಯುಲರ್ ಕೆಟ್ಟದ್ದು ಉತ್ತರ ಧ್ರುವದ ಕಡೆಯ ಕಡಲಲ್ಲಿರುವ ನಾರ್ವೆಯ ಕರಡಿ ದ್ವೀಪದ ಎದುರು. ಕಳೆದ ಜುಲೈನಲ್ಲಿ ಮಗಳು ನನ್ನನ್ನು ನಾರ್ವೆಗೇ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಕಡೆಯ ಹಡಗು ಹತ್ತಿಸಿದ್ದಳು. 1596ರಲ್ಲಿ ಡಚ್ ನಾವಿಕ ಬಾರೆಂಟ್ಸ್‌ನ ತಂಡ ಕರಡಿ ದ್ವೀಪದಲ್ಲಿ ಹಿಮಕರಡಿಯೊಂದನ್ನು ಕೊಂದಿತ್ತು, ಅದರಿಂದ ಈ ಹೆಸರು. ಈಗ ಅಲ್ಲಿ ಹಕ್ಕಿಗಳದ್ದೇ ರಾಜ್ಯ. ಉತ್ತರದ ಹವಾಮಾನ ಕೇಂದ್ರದ ಕೆಲವೇ ಸಿಬ್ಬಂದಿಯನ್ನು ಬಿಟ್ಟರೆ ನರಪಿಳ್ಳೆಯಿಲ್ಲ. 2002ರಿಂದ ಸಂರಕ್ಷಿತ, ಹಕ್ಕಿಗಳು ಮರಿ ಮಾಡುವ ಕಾಲದಲ್ಲಿ ದೊಡ್ಡ ಹಡಗುಗಳು ದಕ್ಷಿಣದ ಕಡಿಬಂಡೆಗಳಿಂದ ದೂರವೇ ಇರಬೇಕು. ರಂಗನತಿಟ್ಟಿನ ದೋಣಿಯವರು ಕೊಕ್ಕರೆಯ ಗೂಡಿನ ಬುಡಕ್ಕೇ ಕರೆದೊಯ್ಯುವ ಸುಖ ಅಲ್ಲಿಲ್ಲ.

ಆ ಬಂಡೆಗಳ ಮೇಲೆ ಗಿಲ್ಲೆಮಾಟ್ ಹಕ್ಕಿಗಳು ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ. ಗೂಡಿಲ್ಲ, ಹುಲ್ಲುಕಡ್ಡಿಯಿಲ್ಲ, ಬರಿ ಕಲ್ಲಿನ ಮೇಲೆ ಒಂದೇ ಮೊಟ್ಟೆ. ಮರಿಗಳು ಮೂರು ವಾರಕ್ಕೇ, ಹಾರಲು ಬರುವ ಮೊದಲೇ, ಕಡಲಿಗೆ ಧುಮುಕುತ್ತವೆ. ಇವುಗಳಲ್ಲಿ ಎರಡು ಜಾತಿ. ಒಂದರ ಕೊಕ್ಕಿನ ಅಂಚಿಗೆ ದಾರದಂಥ ಬಿಳಿ ಗೆರೆ. ಅದನ್ನು ನೋಡಲೆಂದೇ ಹೊರಟವಳ ಕೈಯಿಂದ ಬೈನಾಕ್ಯುಲರ್ ಜಾರಿ ಡೆಕ್‌ಗೆ ಬಡಿಯಿತು. ಆಮೇಲೆ ಪ್ರತಿ ಹಕ್ಕಿಯೂ ಎರಡೆರಡು! ಬಿಳಿ ಗೆರೆ ಮಾತ್ರ ಒಂದೂ ಕಾಣಲಿಲ್ಲ.

ಅಂಗಡಿಯ ಹಿರಿಯರು ಅದನ್ನು ಹಿಡಿದು ಕಿಟಕಿಯಿಂದ ಎರಡು ಗೋಪುರದ ಸೇಂಟ್ ಫಿಲೋಮಿನಾ ಚರ್ಚಿನತ್ತ ನೋಡಿದರು. "ಅಮ್ಮಾ, ನನಗೆ ನಾಲ್ಕು ಗೋಪುರ ಕಾಣಿಸುತ್ತಿದೆ" ಎಂದರು. ರಬ್ಬರಿನ ಹೊದಿಕೆಯನ್ನು ಬ್ಲೇಡಿನಿಂದ ಸರಿಸಿ, ಅಡಿಯಲ್ಲಿದ್ದ ಸಾಸಿವೆ ಗಾತ್ರದ ತಿರುಪುಗಳನ್ನು ತೋರಿಸಿದರು. ಒಳಗೆ ಬೆಳಕನ್ನು ತಿರುಗಿಸುವ ಗಾಜಿನ ತುಂಡು, ಪ್ರಿಸಂ, ಕೂದಲೆಳೆಯಷ್ಟು ಸರಿದಿತ್ತಂತೆ, ಅದಕ್ಕೇ ಎಲ್ಲ ಎರಡೆರಡು. ಫೋಕಸ್ ಚಕ್ರದಲ್ಲಿ ಕೂತಿದ್ದ ಕಡಲ ಉಪ್ಪನ್ನೂ ತೆಗೆದುಕೊಟ್ಟರು. ಒಟ್ಟು 1,200 ರೂಪಾಯಿ. ಹೊಸದನ್ನೇ ಕೊಳ್ಳಿ ಎಂದು ಮೊದಲು ಹೋದ ಅಂಗಡಿಯವರು ಸಲಹೆ ಕೊಟ್ಟಿದ್ದರು.

ದೂರು ಇಲ್ಲದಿಲ್ಲ. ನಾಲ್ಕು ದಿನ ಎಂದದ್ದು ಮೂರು ವಾರವಾಯಿತು, ಫೋನ್ ಎತ್ತುವವರಿಲ್ಲ. ಎಡಬದಿಯ ರಬ್ಬರು ಸರಿಯಾಗಿ ಅಂಟಿಲ್ಲ, ಬೆರಳಿಗೆ ತಾಗುತ್ತದೆ. ಮಸೂರದ ಒಂದು ಮುಚ್ಚಳ ಅಲ್ಲೇ ಕಳೆಯಿತು. "ಬಂದಾಗ ಇರಲಿಲ್ಲ" ಎಂದು ವಾದ ಬೇರೆ.

ಭಾನುವಾರ ರಂಗನತಿಟ್ಟಿಗೆ ಒಯ್ದಿದ್ದೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯ ಹಲ್ಲುಗಳನ್ನು ದಡದಿಂದಲೇ ಎಣಿಸಬಹುದಿತ್ತು. ದುರಸ್ತಿಗೆ ಕೊಡುವವರು ಮುಚ್ಚಳಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಮಂಗಳವಾರ ರಜೆ.