ಕಿಟ್ ಕಾರಿಗೆ ಭಾಗಗಳು: ಗುಜರಿ, ಇಡೀ ಡೋನರ್ ಕಾರು, ಇಲ್ಲವೇ ಹೊಸದು?

ಎರಡು ಕಿಟ್ ಕಾರು, ಅಂದರೆ ಚೌಕಟ್ಟಿನ ಕಿಟ್ ತಂದು ಬೇರೆ ಕಾರಿನ ಭಾಗ ಸೇರಿಸಿ ಮನೆಯಲ್ಲೇ ಜೋಡಿಸುವ ಕಾರು, ಕಟ್ಟಿದ್ದೇನೆ. ಎರಡೂ ಲೋಟಸ್ ಸೆವೆನ್ ಅನ್ನುವ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಮಾದರಿಯವು, ಎರಡಕ್ಕೂ ಮೂಲ ಮಾಜ್ದಾ ಎಂಎಕ್ಸ್-5ರ ಮೊದಲ ತಲೆಮಾರು, ಅಂದರೆ 1989ರಿಂದ 1997ರವರೆಗೆ ಬಂದದ್ದು. ಎಂಜಿನ್ ಉದ್ದಕ್ಕೆ ಕೂತಿರುತ್ತದೆ, ಓಡಿಸುವುದು ಹಿಂದಿನ ಚಕ್ರ. ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೊದಲನೆಯದಕ್ಕೆ ಗುಜರಿಯಲ್ಲಿ ಒಂದೊಂದೇ ಭಾಗ ಆರಿಸಿ ತಂದೆ. ಎರಡನೆಯದಕ್ಕೆ ಓಡುವ ಕಾರನ್ನೇ ಕೊಂಡು ಬಿಚ್ಚಿದೆ; ಹೀಗೆ ಭಾಗ ಕೊಡುವ ಕಾರೇ ಡೋನರ್ ಕಾರು.

ಗುಜರಿಯ ರುಚಿ ಹತ್ತಿದವರಿಗೆ ಅದನ್ನು ಬಿಡುವುದು ಕಷ್ಟ. ಬೇಕಾದಷ್ಟೇ ಕೊಳ್ಳಬಹುದು, ಮನೆ ಮುಂದೆ ಅಸ್ಥಿಪಂಜರ ನಿಲ್ಲಿಸಿಕೊಳ್ಳುವ ಗೋಜಿಲ್ಲ. ಆದರೆ ನಾನು ಎಡವಿದ್ದು ಅಲ್ಲೇ. ಒಂದು ಕಡೆ 1.6 ಲೀಟರ್ ಎಂಜಿನ್ನಿನ ಕಾರಿನ ಹಿಂದಿನ ಆಕ್ಸಲ್‌ಗಳು ಸಿಕ್ಕವು. ಇನ್ನೊಂದು ಕಡೆ 1.8 ಲೀಟರಿನದರ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಸಿಕ್ಕಿತು. 1.8ರದ್ದು ದೊಡ್ಡದು, ಗಟ್ಟಿ, ಅಂತ ಖುಷಿಯಿಂದ ಹೊತ್ತು ತಂದೆ. ಕೂರಿಸಲು ಹೋದರೆ ಎರಡೂ ಸೇರುವುದೇ ಇಲ್ಲ! 1.6ರ ಒಳಗಿನ ರಿಂಗ್ ಗೇರ್ 6 ಇಂಚು, 1.8ರದ್ದು 7 ಇಂಚು. ಡಿಫರೆನ್ಷಿಯಲ್ ಬದಲಾದರೆ ಆಕ್ಸಲ್ ಬದಲಾಗಬೇಕು, ಅದಕ್ಕೆ ಮುಂದಿನಿಂದ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್‌ನ ಹಿಂದಿನ ಫ್ಲಾಂಜ್ ಕೂಡ ಬೇರೆ. ಒಂದು ಭಾಗ ಅಂದುಕೊಂಡದ್ದು ನಾಲ್ಕಾಯಿತು. ಮೂಗಿಗಿಂತ ಮೂಗುತಿ ಭಾರ.

ವೈರಿಂಗ್ ಕಥೆ ಇನ್ನೂ ಬೇಜಾರು. ಗುಜರಿಯಲ್ಲಿ ಬಿಚ್ಚುವವರಿಗೆ ಪುರುಸೊತ್ತಿಲ್ಲ, ಕತ್ತರಿ ಹಾಕುತ್ತಾರೆ. ನನಗೆ ಸಿಕ್ಕ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕನೆಕ್ಟರಿಗೆ ಬೆರಳುದ್ದದ ತಂತಿಯಷ್ಟೇ ಉಳಿದಿತ್ತು. ಹಸಿರಿನ ಮೇಲೆ ಕೆಂಪು ಗೆರೆ, ಹಸಿರಿನ ಮೇಲೆ ಕಿತ್ತಳೆ ಗೆರೆ. ಮಸಿ ಹಿಡಿದ ಮೇಲೆ ಎರಡೂ ಒಂದೇ. ಟಾರ್ಚ್ ಹಿಡಿದು, ಉಗುರಿನಲ್ಲಿ ಕೆರೆದು, ಮಲ್ಟಿಮೀಟರ್ ಇಟ್ಟು ಒಂದೊಂದೇ ತಂತಿಯ ಜಾಡು ಹಿಡಿಯುವಷ್ಟರಲ್ಲಿ ಎಷ್ಟು ರಾತ್ರಿಗಳು ಹೋದವೋ!

ಎರಡನೇ ಸಲ ಇಡೀ ಕಾರು ತಂದೆ. ದೊಡ್ಡ ಲಾಭ ಏನು ಗೊತ್ತಾ? ಎಂಜಿನ್ ಓಡುವುದನ್ನು ಕಣ್ಣಾರೆ ನೋಡಬಹುದು. ಮೊದಮೊದಲ 1.6 ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ನ ಮೂಗು, ಅಂದರೆ ಪುಲ್ಲಿ ಕೂರುವ ಮುಂದಿನ ತುದಿ, ಗಿಡ್ಡ. ಅದರಲ್ಲಿ ಕೀಲಿ ಕೂರುವ ತೋಡು ಸವೆದು ಪುಲ್ಲಿ ಸಡಿಲವಾಗುವ ಕಾಯಿಲೆ ಇತ್ತು. ಮುಂದಿನಿಂದ ಇಣುಕಿದರೆ ಅಂಥವುಗಳ ಪುಲ್ಲಿಯಲ್ಲಿ 4 ಸೀಳು, ಸುಧಾರಿಸಿದವುಗಳಲ್ಲಿ 8. ಸೀಳು ಎಣಿಸುವುದನ್ನು ಗುಜರಿಯಲ್ಲೂ ಮಾಡಬಹುದು. ಆದರೆ ಪುಲ್ಲಿ ಓಲಾಡುತ್ತಿದೆಯಾ ಅಂತ ನೋಡಲು ಎಂಜಿನ್ ತಿರುಗುತ್ತಿರಬೇಕಲ್ವಾ? ಎರಡನೇ ಗೇರ್ ಕಿರುಗುಟ್ಟುತ್ತದಾ, ಕ್ಲಚ್ ಜಾರುತ್ತದಾ, ಹಿಂದೆ ಡಿಫರೆನ್ಷಿಯಲ್ ಹುಯ್ಯಲಿಡುತ್ತದಾ, ಎಲ್ಲ ಒಂದು ಸುತ್ತು ಓಡಿಸಿದರೆ ಗೊತ್ತಾಗುತ್ತದೆ.

ಇನ್ನೊಂದು ಲಾಭ ಚಿಲ್ಲರೆ ಸಾಮಾನು. ಹಾರ್ನಿನ ಬ್ರಾಕೆಟ್, ಕೇಬಲ್ ಹಿಡಿಯುವ ಕ್ಲಿಪ್ಪು, ಸ್ಟೀರಿಂಗ್ ಕಾಲಂನ ಚಿಕ್ಕ ಬೋಲ್ಟು. ಗುಜರಿಗೆ ಹೋದಾಗ ಇವು ಯಾವುದೂ ಪಟ್ಟಿಯಲ್ಲಿ ಇರುವುದಿಲ್ಲ, ಗಾಡಿ ಕೂರಿಸುವಾಗ ಎಲ್ಲವೂ ಬೇಕು. ಬಿಚ್ಚಿದ ಹಾಗೇ ಸಣ್ಣ ಚೀಲಕ್ಕೆ ಹಾಕಿ, 'ಎಡ ಮುಂದೆ, ಮೇಲಿನ ತೋಳು' ಅಂತ ಬರೆದಿಟ್ಟೆ. ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ. ಸೋಮಾರಿತನಕ್ಕೆ ಫೋಟೋ ತೆಗೆಯದೆ ಬಿಟ್ಟ ಒಂದೇ ಜಾಗ ಹೀಟರ್ ಪೈಪು, ಒದ್ದಾಡಿದ್ದೂ ಅಲ್ಲೇ.

ಕಷ್ಟ ಇಲ್ಲದೇ ಇಲ್ಲ. ಜಾಗ ಬೇಕು, ಮನೆಯವರ ತಾಳ್ಮೆ ಅದಕ್ಕಿಂತ ಜಾಸ್ತಿ ಬೇಕು. ಬಾಗಿಲು, ಸೀಟು, ಟಾಪು ಮಾರಿದರೆ ಒಂದಷ್ಟು ದುಡ್ಡು ವಾಪಸ್ ಬರುತ್ತದೆ, ಆದರೆ ಕೊನೆಗೆ ಉಳಿಯುವ ತುಕ್ಕು ಹಿಡಿದ ಚಿಪ್ಪು ಯಾರಿಗೂ ಬೇಡ. ಕಾಗದಪತ್ರ ಇಲ್ಲದ ಕಾರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ನೋಂದಣಿ ಹೊತ್ತಿಗೆ ಎಂಜಿನ್ ನಂಬರ್ ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರ ಇರಬೇಕು.

ಎಲ್ಲವನ್ನೂ ಹೊಸದೇ ತರುವುದನ್ನು ಮಾತ್ರ ನಾನು ಮಾಡಿಲ್ಲ. ಕೈಗೆಟುಕುವುದಿಲ್ಲ. ಆದರೆ ಎರಡೂ ಕಾರಿನಲ್ಲಿ ಬ್ರೇಕ್ ಹೋಸ್, ಪ್ಯಾಡ್, ರಬ್ಬರ್ ಬುಶ್, ಬಾಲ್ ಜಾಯಿಂಟ್, ಟೈಮಿಂಗ್ ಬೆಲ್ಟ್ ಹೊಸದೇ ಹಾಕಿದೆ. ಪ್ಯಾಡ್ ಒತ್ತಿ ಹಿಡಿಯುವ ಕ್ಯಾಲಿಪರ್ ಮಾತ್ರ ರೀಕಂಡೀಶನ್ ಮಾಡಿದ್ದು. ಹಳೆಯದನ್ನು ಕೊಟ್ಟರೆ ಬೆಲೆ ಇಳಿಸುತ್ತಾರೆ. ಡೋನರ್ ಕಾರಿನ ಅಂಟಿಕೊಂಡು ಕೂತಿದ್ದ ಕ್ಯಾಲಿಪರ್‌ಗಳೇ ಅಲ್ಲಿ ಉಪಯೋಗಕ್ಕೆ ಬಂದವು. ಗುಜರಿಯಿಂದ ಬಂದ ಮೊದಲ ಕಾರಿನ ಹೊತ್ತಿಗೆ ವಾಪಸ್ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಗುಜರಿಗೆ ಈಗಲೂ ಹೋಗುತ್ತೇನೆ, ಕೈಯಲ್ಲಿ ಹಳೇ ಭಾಗ ಹಿಡಿದು, ಪಕ್ಕಕ್ಕಿಟ್ಟು ನೋಡಿ ತರಲು. ಆ 7 ಇಂಚಿನ ಡಿಫರೆನ್ಷಿಯಲ್ ಇನ್ನೂ ಶೆಡ್ಡಿನ ಮೂಲೆಯಲ್ಲಿದೆ. ಬಾಗಿಲು ಗಾಳಿಗೆ ಮುಚ್ಚದಂತೆ ತಡೆಯಲು ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.